ಸಹಾಯ ಬೇಕು: ಆಡಳಿತ ಮಂಡಳಿಯ ಪಟ್ಟಿ 2 ವರ್ಷದಿಂದ ಬಾಕಿ, ಬ್ಯಾಂಕಿನಲ್ಲಿ ಸಹಿ ಬದಲಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಣಿಯಾದ, ಮೂರು ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಸಂಸ್ಥೆ. ಮಂಡಳಿಯಲ್ಲಿ 11 ಸ್ಥಾನ. ಇಬ್ಬರು ರಾಜೀನಾಮೆ ಕೊಟ್ಟಿದ್ದಾರೆ, ಖಜಾಂಚಿ ತೀರಿಕೊಂಡಿದ್ದಾರೆ. ಉಳಿದವರು 8. ಬೈಲಾ (ಸಂಸ್ಥೆಯ ನಿಯಮಾವಳಿ) ಪ್ರಕಾರ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, 6; ಹಾಗಾಗಿ ಸಭೆಗೇನೂ ತೊಂದರೆ ಇಲ್ಲ.

ತೊಡಕಿರುವುದು ಕಾಗದದಲ್ಲಿ. ವಾರ್ಷಿಕ ಮಹಾಸಭೆ ಮುಗಿದ 14 ದಿನದೊಳಗೆ ಮಂಡಳಿಯ ಸದಸ್ಯರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕಪತ್ರವನ್ನೂ 13ನೇ ಕಲಮಿನಂತೆ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಭೆ ಎರಡೂ ವರ್ಷ ನಡೆದಿದೆ, ನಡಾವಳಿ ಪುಸ್ತಕದಲ್ಲಿ ಸಹಿಯೂ ಇದೆ. ಸಲ್ಲಿಕೆ ಮಾತ್ರ ಆಗಿಲ್ಲ. ಈಗ ಚೆಕ್ಕಿಗೆ ಹೊಸ ಖಜಾಂಚಿಯ ಸಹಿ ಸೇರಿಸಲು ಬ್ಯಾಂಕಿನವರು ಠರಾವು ಸಾಲದು, ನೋಂದಣಾಧಿಕಾರಿ ದೃಢೀಕರಿಸಿದ ಪಟ್ಟಿಯೇ ಬೇಕು ಎನ್ನುತ್ತಿದ್ದಾರೆ. ಜಂಟಿ ಸಹಿಯ ಖಾತೆ, ಹಾಗಾಗಿ ಸಿಬ್ಬಂದಿ ಸಂಬಳವೂ ನಿಂತಿದೆ.

ತಿಳಿದವರು ಹೇಳಿ:

1. ಎರಡು ವರ್ಷದ ಬಾಕಿಯನ್ನು ದಂಡದೊಂದಿಗೆ ಒಟ್ಟಿಗೆ ಸಲ್ಲಿಸಬಹುದೇ, ವರ್ಷವಾರು ಬೇರೆ ಬೇರೆ ಅರ್ಜಿಯೇ?

2. ಖಾಲಿ ಸ್ಥಾನಕ್ಕೆ ಮಂಡಳಿಯೇ ಕೋ-ಆಪ್ಟ್ ಮಾಡಿಕೊಳ್ಳಬಹುದೆಂದು (ಚುನಾವಣೆಯಿಲ್ಲದೆ ತಾನೇ ಸದಸ್ಯರನ್ನು ಸೇರಿಸಿಕೊಳ್ಳಬಹುದೆಂದು) ಬೈಲಾದಲ್ಲಿದೆ, ಆದರೆ ಮುಂದಿನ ಮಹಾಸಭೆಯವರೆಗೆ ಮಾತ್ರ. ಹಾಗೆ ಬಂದವರು ಖಜಾಂಚಿಯಾಗಿ ಸಹಿ ಹಾಕಿದರೆ ಆಕ್ಷೇಪ ಬಂದದ್ದುಂಟೇ?

3. ರಾಜೀನಾಮೆ ಕೊಟ್ಟವರಲ್ಲಿ ಒಬ್ಬರದು ವಾಟ್ಸಾಪ್ ಸಂದೇಶ ಮಾತ್ರ. ಸಹಿ ಮಾಡಿದ ಪತ್ರ ಕೇಳುವುದೇ ಸರಿ ಅನ್ನಿಸುತ್ತದೆ, ಅವರು ಊರಲ್ಲಿಲ್ಲ. ಮಂಡಳಿ ಅಂಗೀಕರಿಸಿದ ಠರಾವು ಸಾಕಾದೀತೇ?

"ಹಳೆಯ ಖಜಾಂಚಿಯ ಸಹಿ ಇರುವ ಚೆಕ್ ಉಳಿದಿದ್ದರೆ ಬಳಸಿ" ಎಂಬ ಸಲಹೆ ದಯವಿಟ್ಟು ಬೇಡ. ಇತ್ತೀಚೆಗೆ ಈ ಕೆಲಸ ಮಾಡಿಸಿದವರು ಯಾವ ದಾಖಲೆ, ಎಷ್ಟು ಪ್ರತಿ ಕೇಳಿದರು ಎಂದು ತಿಳಿಸಿದರೆ ದೊಡ್ಡ ಉಪಕಾರ.