ಒಬ್ಬನೇ ಹೊರಲಾರೆ ಅಂದ ಮೋಶೆ

ಸಿಸ್ಟರ್, ಮಕ್ಕಳು, ಕೆಲಸ ಅಂತ ಸಾಕಾಗಿ ಹೋಗಿದೆ ಎಂದು ಗುಂಪಿನಲ್ಲಿ ನೀವು ಹಾಕಿದ ಮೆಸೇಜ್‌ಗೆ ತುಂಬಾ ಜನ "ಪ್ರಾರ್ಥನೆ ಮಾಡುತ್ತೇವೆ" ಅಂತ ಬರೆದಿದ್ದಾರೆ. ನಾನೂ ಮಾಡುತ್ತೇನೆ. ಆದರೆ "ನನಗೆ ಇಷ್ಟು ಸಾಕಾಗಿ ಹೋಗಿರುವುದು ವಿಶ್ವಾಸ ಕಡಿಮೆಯಾಗಿದ್ದಕ್ಕಾ?" ಅಂತ ಕೇಳಿದ್ದೀರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಬೈಬಲ್‌ನ ಅರಣ್ಯಕಾಂಡ 11ನೇ ಅಧ್ಯಾಯ ತೆಗೆದು ಓದಿ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಇಸ್ರಾಯೇಲ್ ಜನ ಮರುಭೂಮಿಯಲ್ಲಿ ಮಾಂಸ ಬೇಕು ಅಂತ ಡೇರೆ ಬಾಗಿಲಲ್ಲಿ ನಿಂತು ಅಳುತ್ತಿದ್ದಾರೆ. ಅವರನ್ನು ನಡೆಸಿಕೊಂಡು ಹೋಗುತ್ತಿರುವ ಮೋಶೆಗೆ ರೋಸಿಹೋಗಿದೆ. ಇವರನ್ನೆಲ್ಲ ನಾನೇ ಹೆತ್ತೆನಾ, ಹಾಲು ಕುಡಿಯುವ ಕೂಸಿನ ಹಾಗೆ ಎದೆಗೆ ಅವಚಿಕೊಂಡು ನಡೆ ಅನ್ನುತ್ತೀಯಲ್ಲ ಅಂತ ದೇವರನ್ನೇ ಕೇಳುತ್ತಾನೆ. ಇಷ್ಟು ಜನರನ್ನು ನಾನೊಬ್ಬನೇ ಹೊರಲಾರೆ, ಹೀಗೇ ಮಾಡುವುದಾದರೆ ಕೊಂದುಬಿಡು ಅನ್ನುತ್ತಾನೆ. ನಮ್ಮ ಮನೆಗಳಲ್ಲೂ ಅಷ್ಟೇ: ಒಂದು ಮಗು ಜ್ವರದಲ್ಲಿ ಹೆಗಲ ಮೇಲೆ ಒರಗಿದೆ, ಇನ್ನೊಂದು ಒಂದೇ ಶೂ ಹಿಡಿದುಕೊಂಡು ಕೂಗುತ್ತಿದೆ, ಆಫೀಸ್ ಕಾಲ್ ಮ್ಯೂಟ್‌ನಲ್ಲಿ ಓಡುತ್ತಿದೆ. ಆ ಹೊತ್ತಿಗೆ ನಮ್ಮ ಬಾಯಲ್ಲಿ ಬರುವ ಮಾತೂ ಇದೇ ಅಲ್ವಾ?

ದೇವರು ಮೋಶೆಯನ್ನು ಗದರಲಿಲ್ಲ. ಇನ್ನಷ್ಟು ಶಕ್ತಿ ಕೊಡುತ್ತೇನೆ, ಒಬ್ಬನೇ ಹೊರು ಅಂತಲೂ ಅನ್ನಲಿಲ್ಲ. ಜನರಲ್ಲಿ 70 ಹಿರಿಯರನ್ನು ಕರೆದುಕೊಂಡು ಬಾ, ಅವರೂ ನಿನ್ನ ಜೊತೆ ಹೊರಲಿ ಅಂದರು. ಪ್ರವಾದಿ ಎಲೀಯನ ಕಥೆಯೂ ಹಾಗೇ. ಸಾಕು, ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಮಲಗಿದವನಿಗೆ ಮೊದಲು ಸಿಕ್ಕಿದ್ದು ನಿದ್ದೆ, ರೊಟ್ಟಿ, ನೀರು. ಆಮೇಲೆ ಜೊತೆಗೆ ಶಿಷ್ಯ ಎಲೀಷ. ಉಪದೇಶ ಮೊದಲು ಬರಲಿಲ್ಲ.

ನಾವು ಮಾತ್ರ ಸುಸ್ತಾದವರಿಗೆ ಚಿಂತೆ ಮಾಡಬೇಡಿ ಅನ್ನುವ ಮತ್ತಾಯ 6ರ ವಾಕ್ಯ ಕಳಿಸಿ ಸುಮ್ಮನಾಗುತ್ತೇವೆ. ಅಲ್ಲಿ ಬರುವ, ದೇವರೇ ಸಾಕುವ ಆಕಾಶದ ಪಕ್ಷಿಗಳ ಮಾತು ಧೈರ್ಯ ತುಂಬಬೇಕು, ಬೈದ ಹಾಗೆ ಕೇಳಿಸಬಾರದು. ನಾಳೆಯ ಚಿಂತೆ ನಾಳೆಗೆ ಇರಲಿ ಅಂದ ಯೇಸು, ಆಯಾ ದಿನದ ಕಷ್ಟ ಆ ದಿನಕ್ಕೆ ಸಾಕು ಅಂತಲೂ ಅಂದಿದ್ದಾರೆ. ಕಷ್ಟ ಇದೆ ಅಂತ ಅವರೇ ಒಪ್ಪಿಕೊಂಡ ಹಾಗಾಯಿತಲ್ಲ. ಮರುಭೂಮಿಯಲ್ಲಿ ಆ ಜನರಿಗೆ ದೇವರು ಕೊಟ್ಟ ಆಹಾರ ಮನ್ನವೂ ದಿನದ ಪಾಲಿಗಷ್ಟೇ ಸಿಗುತ್ತಿತ್ತು, ಬೆಳಿಗ್ಗೆಗೆ ಅಂತ ಎತ್ತಿಟ್ಟರೆ ಹುಳ ಬೀಳುತ್ತಿತ್ತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು. ವೀಸಾ ಏನಾಗುತ್ತೋ, ಮಗಳ ಕಾಲೇಜಿಗೆ ದುಡ್ಡು ಎಲ್ಲಿಂದಲೋ ಅಂತ ರಾತ್ರಿ ಎರಡು ಗಂಟೆಗೆ ಲೆಕ್ಕ ಹಾಕುವವರಿಗೆ ಇದು ಅಷ್ಟು ಸುಲಭವಾಗಿ ಒಗ್ಗುವ ಪಾಠ ಅಲ್ಲ. ನನಗಂತೂ ಇನ್ನೂ ಪೂರ್ತಿ ಒಗ್ಗಿಲ್ಲ.

ಅಜ್ಜಿ ತಾತ ಹತ್ತಿರ ಇದ್ದಿದ್ದರೆ ಯಾರನ್ನೂ ಕೇಳಬೇಕಿರಲಿಲ್ಲ. ಊರು ಬಿಟ್ಟು ದೂರ ಬಂದಿರುವ ಇಲ್ಲಿ ಬಾಯಿಬಿಟ್ಟು ಕೇಳಬೇಕು. ಅದಕ್ಕೆ ನಮಗೆ ಸಂಕೋಚ ಜಾಸ್ತಿ. ಕೇಳುವಾಗ "ನಮಗೋಸ್ಕರ ಪ್ರಾರ್ಥಿಸಿ" ಅನ್ನುವಲ್ಲಿಗೇ ನಿಲ್ಲಿಸಬೇಡಿ. "ಗುರುವಾರ ದೊಡ್ಡವನನ್ನು ಸ್ಕೂಲಿಂದ ಕರೆದುಕೊಂಡು ಬರುತ್ತೀರಾ?" ಅಂತ ಕೇಳಿ. ಹಾಗೆ ಕೇಳಿದರೆ ಹೂಂ ಅನ್ನುವವರು ಈ ಗುಂಪಿನಲ್ಲೇ ಇದ್ದಾರೆ. ಯಾರಾದರೂ ಆಗಲ್ಲ ಅಂದರೆ ಬೇಜಾರು ಮಾಡಿಕೊಳ್ಳದೆ ಇನ್ನೊಬ್ಬರನ್ನು ಕೇಳಿ. ಮೋಶೆಗೆ ಸಿಕ್ಕಿದ್ದೂ ಒಬ್ಬರಲ್ಲ.

ಇನ್ನೊಂದು ಮಾತು. ದಿನಗಟ್ಟಲೆ ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಪಾಸ್ಟರ್‌ಗೆ ಹೇಳಿ ಸುಮ್ಮನಾಗಬೇಡಿ, ತಕ್ಷಣ ಡಾಕ್ಟರನ್ನೂ ಕಾಣಿ. ಆ ಸಹಾಯವೂ ದೇವರು ಕೊಟ್ಟದ್ದೇ.

ಈ ಶನಿವಾರ ಮಕ್ಕಳಿಬ್ಬರನ್ನೂ ನಮ್ಮ ಮನೆಗೆ ಬಿಡಿ. ಸಂಜೆ ನಾವೇ ತಂದು ಬಿಡುತ್ತೇವೆ. ಆ ಹೊತ್ತಲ್ಲಿ ಮನೆ ಗುಡಿಸಬೇಡಿ, ಮಲಗಿ. ಎಷ್ಟು ಗಂಟೆಗೆ ಅಂತ ಮೆಸೇಜ್ ಹಾಕಿ.