ಸ್ವಿಚ್‌ನಲ್ಲಿ ಬೇಸ್‌ಬಾಲ್ ಆಡುವವರು ಸಲಹೆ ಕೊಡಿ: ಕ್ರಿಕೆಟ್ ಕಣ್ಣಿಗೆ ಆ ಚೆಂಡು ಸಿಗುವುದು ಹೇಗೆ?

ಪ್ರಶ್ನೆ: ಫ್ರಿಮಾಂಟ್, ಕ್ಯಾಲಿಫೋರ್ನಿಯಾ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಈಗ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗನಿಗೆ ಹತ್ತು ವರ್ಷ, ಬೇಸ್‌ಬಾಲ್ ಎಂದರೆ ಪ್ರಾಣ. ಶಾಲೆಯಿಂದ ಬಂದವನೇ ನಿಂಟೆಂಡೊ ಸ್ವಿಚ್ ಎಂಬ ವಿಡಿಯೋ ಗೇಮ್ ಸಾಧನ ಹಿಡಿದು ನನ್ನ ಪಕ್ಕ ಕೂರುತ್ತಾನೆ. ಅದರಲ್ಲಿ ‘ಎಂಎಲ್‌ಬಿ ದಿ ಶೋ 25’ ಎಂಬ ಆಟವಿದೆ. "ತಾತ, ಈಗ ನೀವು ಆಡಿ" ಎಂದು ಕೈಗೆ ಕೊಡುತ್ತಾನೆ. ನಿಯಮಗಳು ಅಷ್ಟಿಷ್ಟು ತಿಳಿದಿವೆ. ಆದರೆ ಏಳು ಇಂಚಿನ ಆ ಪರದೆಯ ಮೇಲೆ ಚೆಂಡು ಕಣ್ಣಿಗೆ ಬೀಳುವಷ್ಟರಲ್ಲಿ ಅದು ಕ್ಯಾಚರ್‌ನ ಕೈಯಲ್ಲಿರುತ್ತದೆ. ಗುಂಡಿಗಳೂ ಬಹಳ, ಅಕ್ಷರಗಳು ಬಹಳ ಸಣ್ಣವು. ಅವನು ಆಡುವುದನ್ನು ನೋಡಿ ಹೂಂಗುಟ್ಟುತ್ತ ಕೂರುವುದು ನನಗೆ ಬೇಡ, ಅವನ ಜೊತೆಗೆ ಆಡಬೇಕು. ಎಲ್ಲಿಂದ ಶುರು ಮಾಡಲಿ? ಊರಿಗೆ ಮರಳಿದ ಮೇಲೂ ಇವನೊಂದಿಗೆ ಆಡಲು ದಾರಿ ಇದೆಯೇ?

ಸಿಯಾಟಲ್‌ನಿಂದ

ನಮಸ್ಕಾರ ಸರ್. ಮೊದಲು ಹೊಡೆಯುವುದನ್ನು ನಿಲ್ಲಿಸಿ. ಒಂದು ಪಂದ್ಯ ಪೂರ್ತಿ ಬ್ಯಾಟ್ ಬೀಸದೆ, ಬರುವ ಚೆಂಡನ್ನೆಲ್ಲ ನೋಡುತ್ತ ನಿಲ್ಲಿ. ಸೋತರೆ ಸೋಲಲಿ. ಇಲ್ಲಿನ ಲಿಟಲ್ ಲೀಗ್ ಮೈದಾನಗಳಲ್ಲಿ ಮಕ್ಕಳಿಗೆ ಕಲಿಸುವವನಾಗಿ ಹೇಳುತ್ತಿದ್ದೇನೆ, ಕಣ್ಣು ಪಳಗದೆ ಕೈ ಪಳಗುವುದಿಲ್ಲ.

ಕ್ರಿಕೆಟ್ ಕಣ್ಣಿಗೆ ಇದು ಕಷ್ಟವಾಗಲು ಕಾರಣವಿದೆ. ನಾವು ಚೆಂಡು ನೆಲಕ್ಕೆ ಬಿದ್ದು ಏಳುವವರೆಗೆ ಕಾಯುವುದನ್ನು ಕಲಿತವರು; ಕಾಲು ಮುಂದೆಯೋ ಹಿಂದೆಯೋ ಎಂಬ ತೀರ್ಮಾನ ಚೆಂಡು ಬೀಳುವ ಜಾಗದ ಮೇಲೆ ನಿಂತಿರುತ್ತದೆ. ಬೇಸ್‌ಬಾಲ್‌ನಲ್ಲಿ ಚೆಂಡು ನೆಲ ಮುಟ್ಟುವುದಿಲ್ಲ. ಚೆಂಡು ಎಸೆಯುವ ಪಿಚ್ಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಬಳಿಯ ಹೋಂ ಪ್ಲೇಟಿಗೆ 18.44 ಮೀಟರ್, ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ತಲುಪಲು ಸುಮಾರು 0.4 ಸೆಕೆಂಡ್. ಆಟದಲ್ಲಿಯೂ ಆ ವೇಗವನ್ನೇ ಅನುಕರಿಸುತ್ತಾರೆ. ಆದ್ದರಿಂದ ಪರದೆಯ ಮಧ್ಯವನ್ನು ನೋಡುತ್ತ ಕಾಯಬೇಡಿ. ಪಿಚ್ಚರ್‌ನ ಕೈಯನ್ನು ನೋಡಿ. ಚೆಂಡು ಬೆರಳು ಬಿಡುವ ಬಿಂದುವಿನಲ್ಲೇ ದೃಷ್ಟಿ ಇರಲಿ. ಮೊದಲ ಕ್ಷಣದಲ್ಲಿ ಅದು ಸ್ವಲ್ಪ ಮೇಲಕ್ಕೆ ಪುಟಿದಂತೆ ಕಂಡರೆ ಬಹುಪಾಲು ಅದು ಬಾಗಿ ಕೆಳಗಿಳಿಯುವ ಕರ್ವ್‌ಬಾಲ್.

ಎರಡನೆಯ ಕಾರಣ, ಬಿಡುವುದಕ್ಕೂ ಇಲ್ಲಿ ಬೆಲೆ ಇದೆ. ಪ್ಲೇಟ್‌ನ ಅಗಲ 17 ಇಂಚು ಮಾತ್ರ. ಅದರ ಆಚೆ ಹೋದ ನಾಲ್ಕು ಚೆಂಡನ್ನು ಬಿಟ್ಟರೆ ಬ್ಯಾಟ್ ಎತ್ತದೆಯೇ ಮೊದಲ ಬೇಸ್ ಸಿಗುತ್ತದೆ. ಆಫ್ ಸ್ಟಂಪ್ ಆಚೆಯ ಚೆಂಡನ್ನು ರಾಹುಲ್ ದ್ರಾವಿಡ್ ಬಿಡುತ್ತಿದ್ದ ರೀತಿ ನಿಮಗೆ ನೆನಪಿರಬೇಕು. ಆ ಶಿಸ್ತಿಗೆ ಟೆಸ್ಟ್ ಪಂದ್ಯದಲ್ಲಿ ರನ್ ಸಿಗುತ್ತಿರಲಿಲ್ಲ, ಇಲ್ಲಿ ಬೇಸ್ ಸಿಗುತ್ತದೆ. ಹೀಗೆ ಆಚೆ ಹೋದ, ನೀವು ಬಿಟ್ಟ ಚೆಂಡು ‘ಬಾಲ್’; ಬೀಸಿ ತಪ್ಪಿದ್ದು ಅಥವಾ ಒಳಗೆ ಬಂದರೂ ಬಿಟ್ಟದ್ದು ‘ಸ್ಟ್ರೈಕ್’, ಮೂರು ಸ್ಟ್ರೈಕ್ ಆದರೆ ಔಟ್. ಮೂರು ಬಾಲ್ ಒಂದು ಸ್ಟ್ರೈಕ್ ಆಗಿದ್ದಾಗ ಪಿಚ್ಚರ್ ಒಳಗೆ ಎಸೆಯಲೇಬೇಕಾದ ಒತ್ತಡದಲ್ಲಿರುತ್ತಾನೆ. ಜೋರಾಗಿ ಬೀಸಬೇಕಾದದ್ದು ಆಗ. ಎರಡು ಸ್ಟ್ರೈಕ್ ಆದ ಮೇಲೆ ‘ಕಾಂಟ್ಯಾಕ್ಟ್’ ಹೊಡೆತಕ್ಕೆ ಇಳಿಯಿರಿ. ಎರಡು ಸ್ಟ್ರೈಕ್ ಇರುವಾಗ ಹೊಡೆದ ಚೆಂಡು ಬದಿಯ ಗೆರೆಗಳಾಚೆ ‘ಫೌಲ್’ ಹೋಗಿ ಯಾರ ಕೈಗೂ ಸಿಗದಿದ್ದರೆ ಔಟ್ ಅಲ್ಲ (ಬ್ಯಾಟ್ ಬೀಸದೆ ಅಡ್ಡ ಹಿಡಿದು ಮೆಲ್ಲಗೆ ತಟ್ಟುವ ‘ಬಂಟ್’ ಮಾಡಲು ಹೋಗಿ ಫೌಲ್ ಆದರೆ ಮಾತ್ರ ಔಟ್). ಹಾಗಾಗಿ ತಡವಾಗಿಯಾದರೂ ಬ್ಯಾಟಿಗೆ ತಾಗಿಸುತ್ತಿದ್ದರೆ ಬದುಕಿರುತ್ತೀರಿ.

ಇನ್ನು ಸೆಟ್ಟಿಂಗ್. ಬ್ಯಾಟಿಂಗ್ ಕ್ಯಾಮೆರಾವನ್ನು ‘ಸ್ಟ್ರೈಕ್ ಝೋನ್’ ಎಂದು ಬದಲಿಸಿ. ನೋಟ ಪ್ಲೇಟಿನ ಹತ್ತಿರಕ್ಕೆ ಬಂದು ಚೆಂಡು ದೊಡ್ಡದಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದು ಆಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಹೊಡೆಯುವ ವಿಧಾನದಲ್ಲಿ ‘ಝೋನ್’, ‘ಡೈರೆಕ್ಷನಲ್’, ‘ಟೈಮಿಂಗ್’ ಎಂಬ ಮೂರಿವೆ. ‘ಝೋನ್’ ಎಂದರೆ ಹೆಬ್ಬೆರಳಿನ ಕೋಲಿನಿಂದ ಬ್ಯಾಟ್ ಎಲ್ಲಿ ತಾಗಬೇಕೆಂದು ನೀವೇ ಗುರಿ ಹಿಡಿಯಬೇಕು. ಮೊಮ್ಮಗ ಅದನ್ನೇ ಆಡುತ್ತಿರಬಹುದು. ನೀವು ‘ಟೈಮಿಂಗ್’ ಇಟ್ಟುಕೊಳ್ಳಿ. ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿದರೆ ಸಾಕು. ಕಷ್ಟದ ಮಟ್ಟ ‘ಬಿಗಿನರ್’ನಿಂದ ಶುರುವಾಗಲಿ. ‘ಡೈನಾಮಿಕ್’ ಎಂದು ಇಟ್ಟರೆ ನೀವು ಸುಧಾರಿಸಿದ ಹಾಗೆ ಆಟವೇ ಮಟ್ಟ ಏರಿಸುತ್ತದೆ.

ಅಭ್ಯಾಸದ ವಿಭಾಗದಲ್ಲಿ ಪಿಚ್ಚರ್ ಯಾವ ಬಗೆಯ ಚೆಂಡು ಎಸೆಯಬೇಕೆಂದು ನೀವೇ ಗೊತ್ತುಮಾಡಬಹುದು. ಮೊದಲು ಬರೀ ಫಾಸ್ಟ್‌ಬಾಲ್ ಹಾಕಿಸಿಕೊಳ್ಳಿ. ಬೀಸಿದ ಮೇಲೆ ಬೇಗವಾಯಿತೋ ತಡವಾಯಿತೋ ಎಂದು ಪರದೆ ತೋರಿಸುತ್ತದೆ, ಅದನ್ನು ಪ್ರತಿ ಸಲವೂ ಓದಿ. ಆ ಲಯ ಕೂತ ಮೇಲೆ ಚೇಂಜ್‌ಅಪ್ ಸೇರಿಸಿ. ಅದು ತೋಳಿನ ಅದೇ ವೇಗದಲ್ಲಿ ಬಂದು ನಿಧಾನವಾಗಿ ತಲುಪುವ ಚೆಂಡು, ನಮ್ಮ ವೇಗದ ಬೌಲರ್‌ಗಳ ಸ್ಲೋ ಬಾಲ್‌ನ ಅಣ್ಣ.

ಸನಿವೇಲ್‌ನಿಂದ, ಇಬ್ಬರು ಮಕ್ಕಳ ತಾಯಿ

ಅಂಕಲ್, ಗುಂಡಿಗಳ ಬಗ್ಗೆ ಒಂದು ಮಾತು. ಬಲಗಡೆಯ ನಾಲ್ಕು ಗುಂಡಿಗಳನ್ನು ನೋಡಿ: ಅವು ಮೈದಾನದ ನಾಲ್ಕು ಬೇಸ್‌ಗಳ ಆಕಾರದಲ್ಲೇ ಇವೆ. ಚೆಂಡು ಹಿಡಿದು ಎಸೆಯುವಾಗ ಬಲದ ‘ಎ’ ಎಂದರೆ ಮೊದಲ ಬೇಸ್, ಮೇಲಿನ ‘ಎಕ್ಸ್’ ಎರಡನೆಯದು, ಎಡದ ‘ವೈ’ ಮೂರನೆಯದು, ಕೆಳಗಿನ ‘ಬಿ’ ಹೋಂ. ಅಕ್ಷರ ಮರೆತುಬಿಡಿ, ದಿಕ್ಕು ನೆನಪಿಡಿ. ನಮ್ಮ ಅತ್ತೆಯವರಿಗೆ ಹೀಗೆ ಹೇಳಿದ ಮೇಲೆ ಅವರು ಗುಂಡಿ ನೋಡುವುದನ್ನೇ ಬಿಟ್ಟರು.

ಫೀಲ್ಡಿಂಗ್ ಮತ್ತು ಬೇಸ್ ಓಟವನ್ನು ಆರಂಭದಲ್ಲಿ ಆಟಕ್ಕೇ ಬಿಟ್ಟುಕೊಡಲು ಸೆಟ್ಟಿಂಗ್‌ನಲ್ಲಿ ಅವಕಾಶವಿದೆ. ಪಂದ್ಯವನ್ನು ಮೂರು ಇನ್ನಿಂಗ್ಸ್‌ಗೆ ಇಳಿಸಿ. ಒಂಬತ್ತು ಇನ್ನಿಂಗ್ಸ್ ಹಿಡಿದು ಕೂತರೆ ಕುತ್ತಿಗೆ, ಮಣಿಕಟ್ಟು ಎರಡೂ ನೋಯುತ್ತವೆ.

ನಮ್ಮ ಮನೆಯಲ್ಲಿ ನಡೆಯುವ ಕ್ರಮ ಹೇಳುತ್ತೇನೆ. ಅಜ್ಜಿ ಮೊಮ್ಮಗ ಇಬ್ಬರೂ ಒಂದೇ ತಂಡ, ಎದುರಿಗೆ ಕಂಪ್ಯೂಟರ್. ಬ್ಯಾಟಿಂಗ್ ಅಜ್ಜಿಯದು, ಪಿಚಿಂಗ್ ಅವನದು. ಅರ್ಧ ಇನ್ನಿಂಗ್ಸ್ ಮುಗಿದಾಗ ಸ್ವಿಚ್ ಕೈ ಬದಲಾಗುತ್ತದೆ. ಇನ್ನೊಂದು ಕಂಟ್ರೋಲರ್ ಬೇಕಿಲ್ಲ, ಪುಟ್ಟ ಪರದೆಯನ್ನು ಇಬ್ಬರು ದೂರದಿಂದ ಇಣುಕಬೇಕಿಲ್ಲ. ಆಡದೆ ಇರುವವರಿಗೆ ಚೆಂಡು ಗುರುತಿಸುವ ಕೆಲಸ. "ಸ್ಲೈಡರ್! ಬಿಡಿ ಅಜ್ಜಿ!" ಎಂದು ಕೂಗಾಟ ಅಡುಗೆಮನೆಯವರೆಗೆ ಕೇಳಿಸುತ್ತದೆ.

ಸಣ್ಣ ಅಕ್ಷರಕ್ಕೆ: ಸ್ವಿಚ್‌ನ ಸಿಸ್ಟಂ ಸೆಟ್ಟಿಂಗ್‌ನಲ್ಲಿ ‘ಝೂಮ್’ ಚಾಲೂ ಮಾಡಿ. ಆಮೇಲೆ ಹೋಂ ಗುಂಡಿಯನ್ನು ಎರಡು ಸಲ ಒತ್ತಿದರೆ ಪರದೆ ಹಿಗ್ಗುತ್ತದೆ. ಮೆನು ಓದಲು ಇದು ಸಾಕು. ನಿಮ್ಮ ಮಗಳಿಗೆ ಒಂದು ಮಾತು ತಿಳಿಸಿ: ಈ ಆಟದಲ್ಲಿ ‘ಸ್ಟಬ್ಸ್’ ಎಂಬ ಹಣವಿದೆ, ಅದನ್ನು ನಿಜವಾದ ಡಾಲರ್ ಕೊಟ್ಟೂ ಕೊಳ್ಳಬಹುದು, ಒಳಗೇನಿದೆ ಎಂದು ಗೊತ್ತಿಲ್ಲದ ಆಟಗಾರರ ಕಾರ್ಡ್‌ಗಳ ಕಟ್ಟಿಗೆ ಅದು ಖರ್ಚಾಗುತ್ತದೆ. ಹತ್ತು ವರ್ಷದ ಮಕ್ಕಳಿರುವ ಮನೆಯಲ್ಲಿ ಪೇರೆಂಟಲ್ ಕಂಟ್ರೋಲ್‌ನಿಂದ ಖರೀದಿಗೆ ಬೀಗ ಹಾಕಿರಲೇಬೇಕು.

ಟೊರಾಂಟೊದಿಂದ

ನನ್ನ ಅಭಿಪ್ರಾಯ ಬೇರೆ. ಹೊಸಬರಿಗೆ ‘ದಿ ಶೋ’ ಬೇಡ. ‘ಸೂಪರ್ ಮೆಗಾ ಬೇಸ್‌ಬಾಲ್’ ನೋಡಿ. ಇಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಿಕ್ಟೋರಿಯಾದಲ್ಲಿ ಮೆಟಲ್‌ಹೆಡ್ ಎಂಬ ಸಣ್ಣ ತಂಡ ಕಟ್ಟಿದ ಆಟ. ನಾಲ್ಕನೆಯ ಆವೃತ್ತಿ 2023ರಲ್ಲಿ ಸ್ವಿಚ್‌ಗೆ ಬಂತು. ಬಣ್ಣ ಗಾಢ, ಆಟಗಾರರು ವ್ಯಂಗ್ಯಚಿತ್ರದಂತೆ ದಪ್ಪ ದಪ್ಪ, ಹೆಂಗಸರು ಗಂಡಸರು ಒಂದೇ ತಂಡದಲ್ಲಿ ಆಡುತ್ತಾರೆ. ಸಣ್ಣ ಪರದೆಯಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಕಷ್ಟದ ಮಟ್ಟಕ್ಕೆ ‘ಈಗೋ’ ಎಂಬ ಅಂಕೆ ಇದೆ, ಅದನ್ನು ಸ್ವಲ್ಪ ಸ್ವಲ್ಪವೇ ಏರಿಸಬಹುದು. ‘ದಿ ಶೋ’ದ ಸ್ವಿಚ್ ಆವೃತ್ತಿಯಲ್ಲಿ ಚಿತ್ರ ಮಂಕು, ಪಂದ್ಯ ತೆರೆದುಕೊಳ್ಳುವುದೂ ನಿಧಾನ.

ಸಿಯಾಟಲ್‌ನಿಂದ, ಮತ್ತೆ

ಸೂಪರ್ ಮೆಗಾ ಒಳ್ಳೆಯ ಆಟ, ಒಪ್ಪುತ್ತೇನೆ. ಆದರೆ ಆ ಹುಡುಗ ಟಿವಿಯಲ್ಲಿ ನೋಡುವ ಈಗಿನ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ ಅದರಲ್ಲಿಲ್ಲ. ಮಗು ಹೆಸರಿಟ್ಟು ಕರೆಯುವ ಆಟಗಾರರ ಜೊತೆಯಲ್ಲೇ ತಾತನೂ ಆಡುವುದು ಮುಖ್ಯ ಎಂಬುದು ನನ್ನ ನಿಲುವು. ಬೇಸ್‌ಬಾಲ್ ಪಂದ್ಯದ ಮಧ್ಯೆ ಬಹಳ ಬಿಡುವಿರುತ್ತದೆ, ಮಾತು ಹುಟ್ಟುವುದು ಅಲ್ಲಿಯೇ.

ಸರ್, ಜೈಂಟ್ಸ್ ಇಟ್ಟುಕೊಂಡು ಆಡುವಾಗ ಒಂದು ಸೂಕ್ಷ್ಮ ಗಮನಿಸಿ. ಸ್ಯಾನ್ ಫ್ರಾನ್ಸಿಸ್ಕೊದ ಓರಕಲ್ ಪಾರ್ಕ್‌ನಲ್ಲಿ ಬಲಗಡೆಯ ಗೋಡೆ 24 ಅಡಿ ಎತ್ತರ. ಬೇರೆಡೆ ಹೋಂ ರನ್ ಆಗುವ ಹೊಡೆತ ಅಲ್ಲಿ ಗೋಡೆಗೆ ಬಡಿದು ಬೀಳುತ್ತದೆ. ಮೈದಾನ ಆರಿಸುವ ಅವಕಾಶ ಇದ್ದಾಗ ಡೆನ್ವರ್‌ನ ಕೂರ್ಸ್ ಫೀಲ್ಡ್ ಆರಿಸಿ. ಊರು ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ದೂರ ಹೋಗುತ್ತದೆ.

ಫ್ರಿಮಾಂಟ್‌ನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಕ್ಯಾಮೆರಾ ಬದಲಿಸಿದೆವು, ಚೆಂಡು ಈಗ ಕಾಣುತ್ತಿದೆ! ಕೈ ಬದಲಿಸಿ ಆಡುವ ಕ್ರಮ ಮೊಮ್ಮಗನಿಗೆ ಬಹಳ ಹಿಡಿಸಿತು. ನಾಲ್ಕು ಚೆಂಡು ಬಿಟ್ಟು ಮೊದಲ ಬೇಸಿಗೆ ಹೋದಾಗ ಅವನು ನನ್ನ ಬೆನ್ನು ತಟ್ಟಿದ. ಉಳಿದಿರುವ ತೊಂದರೆ ಕೊನೆಯಲ್ಲಿ ಪಕ್ಕಕ್ಕೆ ಜಾರುವ ಸ್ಲೈಡರ್ ಚೆಂಡು. ಭದ್ರಾವತಿಯ ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಆರಾಧಿಸಿದ ತಲೆಮಾರು ನಮ್ಮದು, ಹೊರಗೆ ಹೋಗುವ ಚೆಂಡು ಕಂಡರೆ ಕೈ ತಾನಾಗಿಯೇ ಹೋಗುತ್ತದೆ. ಊರಿನಿಂದ ಆಡುವ ವಿಷಯ ಯಾರೂ ಹೇಳಲಿಲ್ಲ.

ಕನ್ಸಾಸ್ ಸಿಟಿಯಿಂದ

ಸ್ಲೈಡರ್‌ಗೆ ಮದ್ದು: ಬಲಗೈ ಬ್ಯಾಟರ್‌ನ ಬದಲು ಎಡಗೈ ಬ್ಯಾಟರ್ ಇಟ್ಟುಕೊಂಡು ಬಲಗೈ ಪಿಚ್ಚರ್‌ನನ್ನು ಎದುರಿಸಿ. ಅದೇ ಚೆಂಡು ಆಗ ದೂರ ಓಡದೆ ನಿಮ್ಮ ಕಡೆಗೇ ತಿರುಗುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ‘ದಿ ಶೋ’ದ 2023ರ ಆವೃತ್ತಿಯಿಂದ ‘ಸ್ಟೋರಿಲೈನ್ಸ್’ ಎಂಬ ಭಾಗದಲ್ಲಿ ನೀಗ್ರೋ ಲೀಗ್‌ಗಳ ಕಥೆ ಇದೆ. ಕಪ್ಪು ಆಟಗಾರರಿಗೆ ಮುಖ್ಯ ಲೀಗ್‌ಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ಕಟ್ಟಿಕೊಂಡ ಲೀಗ್‌ಗಳು ಅವು. 1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ಪರ ಇಳಿದು ಆ ಬಾಗಿಲು ತೆರೆದರು. ಸ್ಯಾಚೆಲ್ ಪೇಜ್ ಎಂಬ ಪಿಚ್ಚರ್‌ಗೆ ಅವಕಾಶ ಸಿಕ್ಕಿದ್ದು ಮರುವರ್ಷ, 42ನೆಯ ವಯಸ್ಸಿನಲ್ಲಿ. ನಮ್ಮೂರಿನ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂನ ಅಧ್ಯಕ್ಷ ಬಾಬ್ ಕೆಂಡ್ರಿಕ್ ಅವರೇ ಆ ಕಥೆ ಹೇಳುತ್ತಾರೆ, ಮಧ್ಯೆ ಮಧ್ಯೆ ಆ ಆಟಗಾರರಾಗಿ ನೀವು ಆಡುತ್ತೀರಿ. ಒಂದೊಂದು ತುಣುಕೂ ಚಿಕ್ಕದು, ಕೈಯಲ್ಲಿ ಹಿಡಿದು ಆಡುವವರಿಗೆ ಹೇಳಿ ಮಾಡಿಸಿದ್ದು. ತಾತ ಮೊಮ್ಮಗ ಒಟ್ಟಿಗೆ ನೋಡಬೇಕಾದ ಭಾಗ ಇದು.

ಟೋಕಿಯೊದಿಂದ

ಜಪಾನಿನಲ್ಲಿ ಈ ಆಟಗಳಿಗೆ ದೊಡ್ಡ ಪರಂಪರೆಯೇ ಇದೆ. 1989ರಲ್ಲಿ ನಿಂಟೆಂಡೊದ ಗೇಮ್ ಬಾಯ್ ಎಂಬ ಕೈಸಾಧನ ಬಿಡುಗಡೆಯಾದ ದಿನವೇ ಅದರೊಂದಿಗೆ ಬಂದ ಆಟಗಳಲ್ಲಿ ‘ಬೇಸ್‌ಬಾಲ್’ ಒಂದು. ಕೊನಾಮಿಯವರ ‘ಪವರ್‌ಫುಲ್ ಪ್ರೊ ಯಾಕ್ಯೂ’ 1994ರಿಂದ ನಡೆದುಬಂದಿದೆ. ದುಂಡು ತಲೆಯ ಪುಟ್ಟ ಆಟಗಾರರು, ಆದರೆ ಪಿಚಿಂಗ್ ಬ್ಯಾಟಿಂಗ್ ಬಹಳ ನಿಖರ. ಜಪಾನಿ ಓದಲು ಬಾರದವರಿಗೆ ಅದೇ ಬಳಗದ ‘ಡಬ್ಲ್ಯುಬಿಎಸ್‌ಸಿ ಇಬೇಸ್‌ಬಾಲ್: ಪವರ್ ಪ್ರೋಸ್’ ಇಂಗ್ಲಿಷ್‌ನಲ್ಲಿ 2023ರಲ್ಲಿ ಒಂದು ಡಾಲರ್‌ಗೂ ಕಡಿಮೆ ಬೆಲೆಗೆ ಬಂತು. ಅಂಗಡಿಯಲ್ಲಿ ಕಂಡರೆ ಯೋಚಿಸದೆ ತೆಗೆದುಕೊಳ್ಳಿ.

ಊರಿನಿಂದ ಆಡುವ ವಿಷಯ: ಭಾರತದಿಂದ ಕ್ಯಾಲಿಫೋರ್ನಿಯಾಕ್ಕೆ ಸಂಕೇತ ಹೋಗಿ ಬರಲು ಸಾಮಾನ್ಯವಾಗಿ 200 ಮಿಲಿಸೆಕೆಂಡ್ ದಾಟುತ್ತದೆ. ಚೆಂಡು ತಲುಪಲು ಇರುವುದೇ 400. ಅರ್ಧ ಸಮಯ ದಾರಿಯಲ್ಲೇ ಹೋದರೆ ಎದುರುಬದುರು ಆಡುವುದು ಇಬ್ಬರಿಗೂ ಸುಖ ಕೊಡುವುದಿಲ್ಲ.

ಬೆಂಗಳೂರಿನಿಂದ

ಮೇಲಿನವರ ಲೆಕ್ಕ ಸರಿ. ನೇರವಾಗಿ ಆಡುವ ಯೋಚನೆ ಬಿಡಿ, ಬೇರೆ ದಾರಿ ಇದೆ. ನಾನು ಈ ಆಟ ಕಲಿತದ್ದು ಇಲ್ಲೇ ಜಯನಗರದಲ್ಲಿ, ಪಿಎಸ್‌ಪಿ ಎಂಬ ಹಳೆಯ ಕೈಸಾಧನದಲ್ಲಿ. ‘ದಿ ಶೋ’ ಸರಣಿ 2006ರಲ್ಲಿ ಶುರುವಾದಾಗಲೇ ಅದಕ್ಕೂ ಬಂದಿತ್ತು. ಅಣ್ಣ ಆಗ ನ್ಯೂಜೆರ್ಸಿಯಲ್ಲಿದ್ದ. ಇಬ್ಬರೂ ಒಂದೇ ತಂಡ ಹಿಡಿದು ಬೇರೆ ಬೇರೆಯಾಗಿ ಒಂದು ಋತುವಿನ ಪಂದ್ಯಗಳನ್ನೆಲ್ಲ ಆಡುತ್ತಿದ್ದೆವು, ಭಾನುವಾರ ಫೋನಿನಲ್ಲಿ ಪಂದ್ಯಗಳ ಚರ್ಚೆ. ಯಾರ ಪಿಚ್ಚರ್ ಕೈಕೊಟ್ಟ, ಯಾರು ಎಷ್ಟು ಗೆದ್ದರು ಎಂಬ ಮಾತಿಗೆ ಇಂಟರ್‌ನೆಟ್ ವೇಗ ಬೇಕಾಗಿರಲಿಲ್ಲ.

ನೀವೂ ಹಾಗೆ ಮಾಡಬಹುದು ಸರ್. ‘ರೋಡ್ ಟು ದಿ ಶೋ’ ವಿಭಾಗದಲ್ಲಿ ಒಬ್ಬನೇ ಆಟಗಾರನನ್ನು ಸೃಷ್ಟಿಸಿ, ಶಾಲಾ ಮಟ್ಟದಿಂದ ಬೆಳೆಸಿಕೊಂಡು ಹೋಗಬೇಕು. ಅವನ ಸರದಿ ಬಂದಾಗಷ್ಟೇ ನೀವು ಆಡುವುದರಿಂದ ಒಂದು ಪಂದ್ಯ ಬೇಗ ಮುಗಿಯುತ್ತದೆ. ಮೊಮ್ಮಗನೂ ಒಬ್ಬನನ್ನು ಬೆಳೆಸಲಿ. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಇಬ್ಬರ ಅಂಕಿಅಂಶ ಎದುರಿಗಿಟ್ಟುಕೊಳ್ಳಿ.

ಹೊರಡುವ ಮುನ್ನ ಅಲ್ಲಿಯೇ ಎರಡು ಕೆಲಸ ಮುಗಿಸಿ. ಒಂದು, ನೀವು ಊರಿಗೆ ತರುವ ಸ್ವಿಚ್‌ಗೆ ಮೈಕ್ರೊಎಸ್‌ಡಿ ಕಾರ್ಡ್ (ಆಟಗಳನ್ನು ಉಳಿಸಲು ಹೆಚ್ಚಿನ ಜಾಗ) ಹಾಕಿಸಿ. ಮೂಲ ಸ್ವಿಚ್‌ನ ಒಳಗಿನ 32 ಜಿಬಿಯಲ್ಲಿ ಈ ಆಟವೊಂದೇ ದೊಡ್ಡ ಪಾಲು ತಿನ್ನುತ್ತದೆ. ಎರಡನೆಯದಾಗಿ, ಆಟವನ್ನೂ ಅದರ ಅಪ್‌ಡೇಟ್‌ಗಳನ್ನೂ ಮಗಳ ಮನೆಯ ವೈಫೈಯಲ್ಲಿ ಪೂರ್ತಿ ಇಳಿಸಿಕೊಂಡು, ವೈಫೈ ಆರಿಸಿ ಒಂದು ಪಂದ್ಯ ಆಡಿ ನೋಡಿ. ದಾವಣಗೆರೆಗೆ ಬಂದ ಮೇಲೆ ಏನಾದರೂ ತೊಡಕಾದರೆ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.