ಲಘಿಮೆ, ಗರಿಮೆ, ತೇಲುವುದು: ಯಾವುದಕ್ಕೆ ಯಾವ ಪದ?

ಪ್ರಶ್ನೆ (ಗಂಗಾವತಿ):

ಬಲ್ಲವರಲ್ಲಿ ಒಂದು ವಿಚಾರ. ಯೋಗಸಾಧನೆಯಿಂದ ಮೈ ನೆಲ ಬಿಟ್ಟೇಳುವುದನ್ನು ಕೆಲವರು ‘ಲಘಿಮಾ’ ಎನ್ನುತ್ತಾರೆ, ಕೆಲವರು ‘ಗಾಳಿಯಲ್ಲಿ ತೇಲುವುದು’, ಮತ್ತೆ ಕೆಲವರು ‘ಆಕಾಶಗಮನ’. ಮೂರೂ ಒಂದೇನಾ? ಅಂಜನಾದ್ರಿಯ ಈ ಸೀಮೆಯಲ್ಲಿ ಭೀಮ ಹನುಮಂತನ ಬಾಲ ಎತ್ತಲಾರದೆ ಸೋತದ್ದನ್ನು ‘ಗರಿಮಾ ಸಿದ್ಧಿ’ ಎಂದು ವಿವರಿಸುವುದುಂಟು. ‘ನಾಡಿನ ಗರಿಮೆ’ಯಲ್ಲಿ ತೂಕದ ಮಾತೇ ಇಲ್ಲವಲ್ಲ! ಪತಂಜಲಿಯ ಯೋಗಸೂತ್ರದ ‘ಲಘುತೂಲ’ದಲ್ಲಿರುವುದು ತಕ್ಕಡಿಯೇ? ಸಿದ್ಧಿಯನ್ನು ನಂಬುವವರೂ ನಂಬದವರೂ ಒಪ್ಪುವ ಪದ ಬೇಕಾಗಿದೆ.

ಉತ್ತರ (ರಾಯಚೂರು):

ತಕ್ಕಡಿ ಅಲ್ಲ ಸರ್. ತಕ್ಕಡಿಗೆ ‘ತುಲಾ’, ತು ಹ್ರಸ್ವ. ‘ತೂಲ’ ಅಂದರೆ ಅರಳೆ. ಮನಸ್ಸು ಹಗುರಾದ ಅರಳೆಯಲ್ಲಿ ಒಂದಾದರೆ ಆಕಾಶಗಮನ ಎಂಬುದು ಸೂತ್ರದ ಮಾತು. ಅಲ್ಲಿ ಲಘುತ್ವ ಸಾಧನ, ಆಕಾಶಗಮನ ಫಲ. ಆದ್ದರಿಂದ ಎರಡನ್ನೂ ಒಂದೇ ಪದದಲ್ಲಿ ಸೇರಿಸಬಾರದು. ಹಗುರ ಎಂಬರ್ಥದ ಲಘುವಿನಿಂದ ಲಘಿಮಾ, ಭಾರ ಎಂಬರ್ಥದ ಗುರುವಿನಿಂದ ಗರಿಮಾ. ಕನ್ನಡದಲ್ಲಿ ಗರಿಮೆ ಹಿರಿಮೆಯ ಕಡೆ ಸರಿದು ತೂಕವನ್ನು ಬಿಟ್ಟುಕೊಟ್ಟಿತು. ಹಾಗಾಗಿ ಸಿದ್ಧಿಯ ಹೆಸರು ಹೇಳುವಾಗ ‘ಗರಿಮಾ’ ಎಂದು ಆಕಾರಾಂತವಾಗಿಯೇ ಉಳಿಸುವುದು ಕ್ಷೇಮ.

ಅರಳೆಯ ಹೋಲಿಕೆಯಲ್ಲೇ ಒಂದು ತೊಡಕಿದೆ. ಒಂದು ಕಿಲೋ ಹತ್ತಿಯನ್ನು ಎಷ್ಟು ಹಿಂಜಿದರೂ ಕಾಟಾದ ಮೇಲೆ ಒಂದು ಕಿಲೋನೇ. ಅದು ನಿಧಾನ ಇಳಿಯುವುದು ಗಾಳಿ ತಡೆಯುವುದರಿಂದ, ವಜ್ಜೆ ಕಡಿಮೆಯಾಗಿ ಅಲ್ಲ. ಉಸಿರಿನದೂ ಹಾಗೇ. 4 ಲೀಟರ್ ಗಾಳಿ ಎಳೆದುಕೊಂಡರೆ ಒಳಗೆ ಹೋಗುವುದು ಸುಮಾರು 5 ಗ್ರಾಂ. ಎದೆ ಹಿಗ್ಗಿ ಹೊರಗೆ ಸರಿಸುವ ಗಾಳಿಯೂ ಸರಿಸುಮಾರು ಅಷ್ಟೇ. ಕಾಟಾ ಅಲ್ಲಾಡುವುದಿಲ್ಲ. ಅದೇ ಉಸಿರು ಹಿಡಿದು ತುಂಗಭದ್ರೆಗೆ ಇಳಿದರೆ 4 ಲೀಟರ್ ನೀರು ಸರಿದು 4 ಕಿಲೋದಷ್ಟು ಮೇಲೊತ್ತು ಸಿಗುತ್ತದೆ. ಹಠಯೋಗದಲ್ಲಿ ಒಳಗೆ ಗಾಳಿ ತುಂಬಿ ಹಿಡಿಯುವ ಪ್ಲಾವಿನಿ ಕುಂಭಕದವನು ತಾವರೆಯೆಲೆಯಂತೆ ಆಳದ ನೀರಲ್ಲೂ ತೇಲುತ್ತಾನೆ ಎನ್ನುವುದು ಈ ಲೆಕ್ಕಕ್ಕೆ ಕೂಡುವ ಮಾತು. ತೇಲಲು ತನ್ನನ್ನು ಹೊರುವ ನೀರೋ ಗಾಳಿಯೋ ಬೇಕು. ಪದ್ಮಾಸನದಲ್ಲಿ ಕುಪ್ಪಳಿಸುವುದು ತೇಲುವುದಲ್ಲ, ನೆಗೆಯುವುದು.

ಮೈ ಹಗುರಾಯಿತು ಎಂಬುದನ್ನು ತೂಗಿ ನೋಡುವುದಾದರೆ ಕಾಟಾವನ್ನು ಗಟ್ಟಿ ನೆಲದ ಮೇಲಿಡಿ, ಚಾಪೆ ಗಾದಿ ಬೇಡ. ಸಾಧಕರು ಅಲುಗದೆ ಕೂತಿರಲಿ, ಅರ್ಧ ನಿಮಿಷದ ಅಂಕಿ ನೋಡಿ. ಮೈಯನ್ನು ಥಟ್ಟನೆ ಕೆಳಗಿಳಿಸಿದರೆ ಅಂಕಿ ಕುಸಿದು ಮರುಕ್ಷಣ ಮೇಲೇರುತ್ತದೆ. ಮೊದಲ ಅಂಕಿಯನ್ನಷ್ಟೇ ಹಿಡಿದರೆ ಮೋಸ ಹೋಗುತ್ತೀರಿ. ಗಾಳಿಯಲ್ಲಿ ಕೂತಂತೆ ತೋರಿಸುವ ರಸ್ತೆಯ ಆಟದಲ್ಲಿ ಒಂದು ಕೈ ಕೋಲಿನ ಮೇಲಿದ್ದರೆ ಕೋಲು, ತೋಳು, ಬಟ್ಟೆಯೊಳಗಿನ ಆಸನ ಒಂದೇ ಕಬ್ಬಿಣದ ಚೌಕಟ್ಟು. ಜಮಖಾನೆಯ ಕೆಳಗಿನ ತಟ್ಟೆಯ ಸಮೇತ ತೂಗಿದರೆ ಪೂರ್ತಿ ವಜ್ಜೆ ಬರುತ್ತದೆ.

ಆಸೆಗೆ ಜಾಗವೇ ಇಲ್ಲವೆಂದಲ್ಲ. 1997ರಲ್ಲಿ ನೆದರ್ಲೆಂಡ್ಸಿನ ನೈಮೇಖನ್‌ನಲ್ಲಿ ಭೌತವಿಜ್ಞಾನಿ ಆಂದ್ರೆ ಗೀಮ್ ಮತ್ತು ಸಂಗಡಿಗರು ಸುಮಾರು 16 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ಕಾಂತದಲ್ಲಿ ಜೀವಂತ ಕಪ್ಪೆಯನ್ನು ಅಂತರದಲ್ಲಿ ನಿಲ್ಲಿಸಿದರು. ಕಪ್ಪೆಯ ತೂಕ ಕಳೆದಿರಲಿಲ್ಲ. ಮೈಯೊಳಗಿನ ನೀರನ್ನು ಕಾಂತ ದೂಡಿ ತೂಕಕ್ಕೆ ಸಮನಾಗಿ ಎತ್ತಿಹಿಡಿದಿತ್ತು. ಮನುಷ್ಯನಿಗೆ ಅದೇ ನಿಯಮ, ಆದರೆ ಬಹುದೊಡ್ಡ ಕಾಂತ ಬೇಕು.

ನನ್ನ ಸಲಹೆ: ನೋಡಿದ್ದನ್ನು ಹೇಳಲು ‘ಅಂತರದಲ್ಲಿ ನಿಲ್ಲು’, ಬೇರೊಂದು ಬಲ ಎತ್ತಿದ್ದರೆ ‘ಅಂತರದಲ್ಲಿ ನಿಲ್ಲಿಸು’. ಕಾರಣವನ್ನು ಮೊದಲೇ ತೀರ್ಮಾನಿಸದ ಮಾತಾದ್ದರಿಂದ ಎರಡೂ ಕಡೆಯವರು ಬಳಸಬಹುದು. ‘ಲಘಿಮಾ’ ಸಿದ್ಧಿಯ ಹೆಸರಿಗಷ್ಟೇ ಇರಲಿ.